ಬೂಷ್ಟು ಹಿಡಿದ ಪ್ಲೇಟುಗಳನ್ನು ಮನೆಯಲ್ಲೇ ತೊಳೆದ ಕಥೆ

ಮಾವನವರ ತೋಟದ ಮನೆಯ ಪಾಲುಪಟ್ಟಿಯಲ್ಲಿ ಕಾಫಿ ಗಿಡಗಳು, ಗದ್ದೆ, ಕಣ, ಓಡದ ಜೀಪು, ಕೊನೆಗೆ ಹಿತ್ತಾಳೆ ಹಂಡೆಗಳವರೆಗೆ ಎಲ್ಲವೂ ಲೆಕ್ಕಕ್ಕೆ ಬಂದಿದ್ದವು. ಅಟ್ಟದ ಮೇಲಿದ್ದ ತಗಡಿನ ಟ್ರಂಕುಗಳ ಪ್ರಸ್ತಾಪ ಮಾತ್ರ ಯಾವ ಪುಟದಲ್ಲೂ ಇರಲಿಲ್ಲ. ಅವುಗಳ ತುಂಬ ಗ್ರಾಮಫೋನ್ ಪ್ಲೇಟುಗಳಿದ್ದವು. ಬೇರೆ ಯಾರಿಗೂ ಬೇಡವಾದ್ದರಿಂದ, ಬೇಕು ಎಂದ ಒಬ್ಬಳೇ ಸೊಸೆಯಾದ ನನ್ನ ಪಾಲಿಗೆ ಬಂದವು. ಆಲ್ದೂರಿನ ಕಡೆಯ ಮಳೆಗಾಲಗಳನ್ನು ಹೆಂಚಿನ ಕೆಳಗೇ ಕಳೆದ ಟ್ರಂಕುಗಳವು. ಚಿಕ್ಕಮಗಳೂರಿನ ನಮ್ಮ ಮನೆಗೆ ತಂದು ಮುಚ್ಚಳ ತೆಗೆದಾಗ ಮೊದಲು ಮುಖಕ್ಕೆ ಹೊಡೆದದ್ದು ವಾಸನೆ. ಪ್ಲೇಟುಗಳ ಮೇಲೆ ಅಕ್ಕಿ ಹಿಟ್ಟು ಉದುರಿಸಿದಂತೆ ಬಿಳಿ ಬೂಷ್ಟು ಹರಡಿತ್ತು. ಕೆಲವು ಲಕೋಟೆಗಳು ಪ್ಲೇಟಿಗೇ ಅಂಟಿಕೊಂಡಿದ್ದವು.

ಇವನ್ನು ತೊಳೆಯುವುದು ಹೇಗೆಂದು ಹುಡುಕಿದರೆ ಸಿಗುವ ಸಲಹೆಗಳೆಲ್ಲ ಹೊರದೇಶದವರದು. ಅವರು ಹೇಳುವ ಬಾಟಲಿ ಇಲ್ಲಿ ಸಿಗುವುದಿಲ್ಲ, ನಮ್ಮ ಮಳೆ ಅವರಿಗೆ ಗೊತ್ತಿಲ್ಲ. ಮೂಡಿಗೆರೆ, ಕೊಪ್ಪ, ಸಕಲೇಶಪುರದ ಕಡೆ ಇಂಥ ಟ್ರಂಕುಗಳು ಇನ್ನೂ ಎಷ್ಟೋ ಅಟ್ಟಗಳಲ್ಲಿ ಕೂತಿರಬಹುದು. ಅವನ್ನು ಇಳಿಸುವವರಿಗೆ ಉಪಯೋಗವಾಗಲಿ ಎಂದು, ಕೆಲಸ ಮುಗಿದ ಬಿಸಿಯಲ್ಲೇ ಬರೆಯುತ್ತಿದ್ದೇನೆ. ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಎಲ್ಲರೂ ಕೊಳೆ ಎಬ್ಬಿಸಲು ಹಿಡಿಯುವ ಹಬೆ ಯಾವುದು, ಪ್ಲೇಟಿಗೆ ಹರಡುವ ದ್ರವ ಯಾವುದು ಎಂದೇ ಕೇಳುತ್ತಾರೆ. ನನ್ನ ಮಟ್ಟಿಗೆ ಫಲಿತಾಂಶವನ್ನು ತೀರ್ಮಾನಿಸಿದ್ದು ಇವೆರಡೂ ಅಲ್ಲ, ಕೊನೆಯಲ್ಲಿ ಹಾಯಿಸಿದ ಬರೀ ನೀರು.

ಮೊದಲ ಕೆಲಸ ವಿಂಗಡಣೆ. ಇದನ್ನು ಬಿಟ್ಟು ಮುಂದೆ ಹೋಗಬೇಡಿ. ಟ್ರಂಕಿನಲ್ಲಿ ಮೂರು ಬಗೆಯವು ಇದ್ದವು: ಹನ್ನೆರಡು ಇಂಚಿನ ಎಲ್‌ಪಿಗಳು, ಚಿತ್ರಗೀತೆಗಳ ಏಳು ಇಂಚಿನ ಪುಟ್ಟ ಪ್ಲೇಟುಗಳು, ಮತ್ತು ಎಲ್ಲಕ್ಕಿಂತ ಕೆಳಗೆ ಭಾರವಾದ ಹತ್ತು ಇಂಚಿನವು. ಮೊದಲಿನ ಎರಡು ವಿನೈಲ್, ಅಂದರೆ ಪಿವಿಸಿ ಬಗೆಯ ಪ್ಲಾಸ್ಟಿಕ್. ಕೊನೆಯವು ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ಪ್ಲೇಟುಗಳು, ಅರಗಿನಿಂದ ಮಾಡಿದವು. ಅರಗಿನ ಜೊತೆಗೆ ಕಲ್ಲಿನ ಪುಡಿ ಮತ್ತು ಕಪ್ಪು ಬಣ್ಣಕ್ಕೆ ಮಸಿ ಸೇರಿಸಿ ಅಚ್ಚು ಹಾಕುತ್ತಿದ್ದರು. ಎಲ್‌ಪಿ 1948ರಲ್ಲಿ ಅಮೆರಿಕದಲ್ಲಿ ಬಂತು, 45 ಸುತ್ತಿನ ಪುಟ್ಟ ಪ್ಲೇಟು ಮರುವರ್ಷ ಬಂತು. ಆದರೂ ನಮ್ಮ ದೇಶದಲ್ಲಿ 1960ರ ದಶಕದಲ್ಲೂ ಅರಗಿನ ಪ್ಲೇಟುಗಳು ತಯಾರಾಗುತ್ತಿದ್ದವು. ಹಾಗಾಗಿ ಹಾಡು ಯಾವ ಕಾಲದ್ದು ಎಂಬುದನ್ನು ನೋಡಿ ಪ್ಲೇಟು ಯಾವುದರದ್ದೆಂದು ಊಹಿಸುವಂತಿಲ್ಲ. ಅಳತೆಯನ್ನೂ ನಂಬಬೇಡಿ, ಹತ್ತು ಇಂಚಿನ ವಿನೈಲ್ ಎಲ್‌ಪಿಗಳೂ ಇವೆ. ನಡುವಿನ ಚೀಟಿಯಲ್ಲಿ ವೇಗ ಓದಿ. ಅಂಚನ್ನು ಉಗುರಿನಿಂದ ಮೆಲ್ಲಗೆ ತಟ್ಟಿ. ಅರಗಿನದು ಪಿಂಗಾಣಿಯ ಸದ್ದು ಕೊಡುತ್ತದೆ, ವಿನೈಲ್ ಮಂದವಾಗಿ ಟಪ್ ಎನ್ನುತ್ತದೆ. ವಿನೈಲ್ ತುಸು ಬಾಗುತ್ತದೆ, ಅರಗು ಬಾಗುವುದಿಲ್ಲ, ಒಡೆಯುತ್ತದೆ.

ಇಷ್ಟು ಹೇಳಲು ಕಾರಣವಿದೆ. ಮದ್ಯಸಾರದಲ್ಲಿ ಅರಗು ಕರಗುತ್ತದೆ. ಬಡಗಿಗಳು ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿ ಪಾಲಿಶ್ ಮಾಡಿಕೊಳ್ಳುವುದೇ ಈ ಗುಣದಿಂದ. ವಿನೈಲಿಗೆಂದು ಕಲಸಿದ ದ್ರವವನ್ನು 78ರ ಪ್ಲೇಟಿಗೆ ಸುರಿದರೆ ಕೊಳೆಯ ಜೊತೆ ಹಾಡೂ ಹೋಗುತ್ತದೆ. ಅರಗಿಗೆ ಹಬೆಯೂ ಆಗದು. ಆದ್ದರಿಂದ ಆ ಹತ್ತು ಇಂಚಿನವನ್ನೆಲ್ಲ ಬೇರೆ ಪೆಟ್ಟಿಗೆಯಲ್ಲಿ ನಿಲ್ಲಿಸಿ, ಮೇಲೆ ದಪ್ಪ ಅಕ್ಷರದಲ್ಲಿ "ಮುಟ್ಟಬಾರದು" ಎಂದು ಬರೆದು ಅಂಟಿಸಿದೆ. ಮನೆಯಲ್ಲಿ ಉತ್ಸಾಹಿಗಳು ಹೆಚ್ಚು.

ಬೂಷ್ಟನ್ನು ಮನೆಯೊಳಗೆ ಒರೆಸಬೇಡಿ. ಅದರ ಬೀಜಕಣಗಳು ಗಾಳಿಗೆ ಏಳುತ್ತವೆ, ಅಸ್ತಮಾ ಇರುವವರ ಮನೆಯಲ್ಲಂತೂ ಅದು ದೊಡ್ಡ ತಾಪತ್ರಯ. ನಾನು ಮೂಗಿಗೆ ಎನ್95 ಮಾಸ್ಕ್ ಹಾಕಿಕೊಂಡು, ಹಿತ್ತಲಿನ ನೆರಳಿನಲ್ಲಿ ಕೂತು, ಮೃದುವಾದ ಒಣ ಬ್ರಷ್‌ನಿಂದ ಮೇಲಿನ ಪುಡಿಯನ್ನು ಮಾತ್ರ ಉದುರಿಸಿದೆ. ಬಿಸಿಲಿಗೆ ಇಡಬೇಡಿ. ಹಪ್ಪಳ ಒಣಗಿಸಿ ರೂಢಿಯಾದ ಕೈ ತಾನಾಗಿಯೇ ಬಿಸಿಲು ಹುಡುಕುತ್ತದೆ, ಆದರೆ ಬೇಸಿಗೆಯ ಮಧ್ಯಾಹ್ನದ ಬಿಸಿಲಿನಲ್ಲಿ ಎಲ್‌ಪಿ ಡೊಂಕಾಗಲು ಹೆಚ್ಚು ಹೊತ್ತು ಬೇಡ. ಬೂಷ್ಟಿಗೆ ಪ್ಲಾಸ್ಟಿಕ್ ಆಹಾರವಲ್ಲ. ಅದು ಬೆಳೆಯುವುದು ಪ್ಲೇಟಿನ ಮೇಲಿನ ಧೂಳು, ಬೆರಳಿನ ಜಿಡ್ಡು, ಲಕೋಟೆಯ ಕಾಗದ ಮತ್ತು ಅಂಟಿನ ಮೇಲೆ. ಮಾವನವರು ಪ್ಲೇಟನ್ನು ಅಂಚಿನಲ್ಲೇ ಹಿಡಿಯುತ್ತಿದ್ದರು ಎಂದು ಅತ್ತೆಯವರು ಹೇಳುತ್ತಾರೆ. ಮನೆಗೆ ಬರುತ್ತಿದ್ದ ನೆಂಟರು ಹಾಗೆ ಹಿಡಿಯುತ್ತಿರಲಿಲ್ಲ ಎಂಬುದಕ್ಕೆ ಸಾಕ್ಷಿ ಅಲ್ಲೇ ಇತ್ತು: ಹೆಬ್ಬೆರಳಿನ ಗುರುತಿನ ಆಕಾರದಲ್ಲೇ ಬೂಷ್ಟು ಬೆಳೆದಿತ್ತು.

ಇನ್ನು ನೀರು. ನಮ್ಮ ಮನೆಗೆ ಬರುವುದು ಬೋರ್‌ವೆಲ್ ನೀರು. ಬಿಂದಿಗೆಯ ತಳದಲ್ಲಿ ಬಿಳಿ ಪದರ ಕಟ್ಟುವ ಆ ನೀರು ಪ್ಲೇಟಿನಲ್ಲಿ ಸೂಜಿ ಓಡುವ ಗೆರೆಯೊಳಗೆ ಒಣಗಿದರೆ ಅಲ್ಲೂ ಅದೇ ಸುಣ್ಣ ಉಳಿಯುತ್ತದೆ. ಎಲ್‌ಪಿಯ ಗೆರೆ ಸುಮಾರು 50 ಮೈಕ್ರಾನ್ ಅಗಲ, ಅಂದರೆ ತಲೆಗೂದಲಿಗಿಂತ ಕಡಿಮೆ. ಅಷ್ಟು ಸಣ್ಣ ಜಾಗದಲ್ಲಿ ಸುಣ್ಣದ ಒಂದು ಹರಳು ಕೂತರೂ ಸೂಜಿ ಅದನ್ನು ದಾಟುವಾಗ ಟಕ್ ಎನ್ನುತ್ತದೆ. ನೀರಿನಲ್ಲಿ ಕರಗಿದ ಲವಣ ಅಳೆಯುವ ಪೆನ್ನಿನಂಥ ಟಿಡಿಎಸ್ ಮಾಪಕವನ್ನು ಕೊಂಡು ಎಲ್ಲವನ್ನೂ ಅಳೆದೆ. ಬೋರ್‌ವೆಲ್ ನೀರು ನಾಲ್ಕುನೂರರ ಮೇಲೆ. ಹಿರೇಕೊಳಲೆ ಕೆರೆಯ ನೀರು ಬರುವ ತಂಗಿಯ ಮನೆಯ ನಲ್ಲಿಯದು ಅದಕ್ಕಿಂತ ಬಹಳ ಕಡಿಮೆ. ಆರ್‌ಒ ಯಂತ್ರದ್ದು ಐವತ್ತರ ಆಸುಪಾಸು. ಬ್ಯಾಟರಿಗೆ ಹಾಕುವ ನೀರು ಬರೀ 2. ಕಡೂರು ರಸ್ತೆಯ ಬ್ಯಾಟರಿ ಅಂಗಡಿಯಲ್ಲಿ ಐದು ಲೀಟರಿನ ಕ್ಯಾನ್ 120 ರೂಪಾಯಿಗೆ ಸಿಕ್ಕಿತು. ಮೇಲಿಂದ ಮೇಲೆ ಕ್ಯಾನ್ ಒಯ್ಯುವುದನ್ನು ನೋಡಿ ಅಂಗಡಿಯವರು, "ಎಷ್ಟು ಇನ್ವರ್ಟರ್ ಇಟ್ಟಿದ್ದೀರಿ ಮೇಡಂ?" ಎಂದು ಕೇಳಿದರು.

ಯಜಮಾನರದು ಬೇರೆ ವಾದ. "ಮಲೆನಾಡಿನವರಾಗಿ ನೀರಿಗೆ ದುಡ್ಡು ಕೊಡುತ್ತೀಯಾ? ಮಳೆ ನೀರು ಹಿಡಿದರೆ ಆಗದೆ?" ಎಂದರು. ಮಾಪಕದಲ್ಲಿ ಮಳೆ ನೀರು ಒಳ್ಳೆಯ ಅಂಕಿಯನ್ನೇ ತೋರಿಸಿತು, ಅಲ್ಲಗಳೆಯುವುದಿಲ್ಲ. ಆದರೆ ಮಾಪಕ ಲೆಕ್ಕ ಹಾಕುವುದು ಕರಗಿದ ಲವಣವನ್ನು ಮಾತ್ರ. ಹೆಂಚಿನ ಪಾಚಿ, ಹಕ್ಕಿಯ ಹಿಕ್ಕೆ, ಧೂಳು ಅದಕ್ಕೆ ಕಾಣುವುದಿಲ್ಲ. ಮಳೆ ನೀರು ಬಟ್ಟೆಗಳಿಗೆ, ಬ್ರಷ್‌ಗಳಿಗೆ ಬಳಕೆಯಾಯಿತು. ಪ್ಲೇಟಿಗೆ ಬ್ಯಾಟರಿ ನೀರೇ.

ಮದ್ಯಸಾರಕ್ಕಾಗಿ ಪಟ್ಟ ಪಾಡು ಇದಕ್ಕಿಂತ ಹೆಚ್ಚು. ಬೇಕಾದದ್ದು ಐಸೊಪ್ರೊಪೈಲ್ ಆಲ್ಕೊಹಾಲ್, ಜಿಡ್ಡು ಕರಗಿಸಿ ಬೇಗ ಆರಿಹೋಗುವಂಥದ್ದು. ಮೊದಲು ಆನ್‌ಲೈನಿನಲ್ಲಿ ತರಿಸಲು ಹೊರಟೆ. ಹಣ ಕಟ್ಟಿ ಕಾದೆ. "ನಾಳೆ ಬರುತ್ತದೆ" ಎಂಬ ಸಂದೇಶ ದಿನವೂ ಬಂತು, ಬಾಟಲಿ ಬರಲಿಲ್ಲ. ಬೆಂಕಿ ಹತ್ತುವ ವಸ್ತುವಾದ್ದರಿಂದ ವಿಮಾನದಲ್ಲಿ ಕಳಿಸುವಂತಿಲ್ಲ, ನಿಮ್ಮ ಊರಿಗೆ ರಸ್ತೆ ಮಾರ್ಗದ ವ್ಯವಸ್ಥೆ ಇಲ್ಲ ಎಂದು ಕೊನೆಗೆ ಆದೇಶವನ್ನೇ ರದ್ದು ಮಾಡಿದರು. ಹಣ ವಾಪಸು ಬರಲು ಮತ್ತಷ್ಟು ಕಾಯಬೇಕಾಯಿತು. ಮೆಡಿಕಲ್ ಅಂಗಡಿಗೆ ಹೋದರೆ ಸರ್ಜಿಕಲ್ ಸ್ಪಿರಿಟ್ ಕೊಟ್ಟು "ಎರಡೂ ಒಂದೇ" ಎಂದರು. ಒಂದೇ ಅಲ್ಲ. ಸ್ಪಿರಿಟ್‌ಗೆ ಬೇರೆ ಪದಾರ್ಥಗಳನ್ನು ಸೇರಿಸಿರುತ್ತಾರೆ, ಆರಿದ ಮೇಲೆ ಅವು ಗೆರೆಯಲ್ಲಿ ಉಳಿಯಬಹುದು. ಕೋವಿಡ್ ಕಾಲದಲ್ಲಿ ಉಳಿದ ಕೈ ಸ್ಯಾನಿಟೈಸರ್ ಕೂಡ ಬೇಡ, ಅದರಲ್ಲಿ ಗ್ಲಿಸರಿನ್ ಇರುತ್ತದೆ. ಇಷ್ಟೆಲ್ಲ ಅಲೆದ ಮೇಲೆ ಅದು ಸಿಕ್ಕಿದ್ದು ಐ.ಜಿ. ರಸ್ತೆಯ ಒಂದು ಮೊಬೈಲ್ ರಿಪೇರಿ ಅಂಗಡಿಯಲ್ಲಿ. ಸರ್ಕ್ಯೂಟ್ ಬೋರ್ಡ್ ತೊಳೆಯಲು ಅವರು ದಿನವೂ ಬಳಸುವುದೇ ಅದು. ಅರ್ಧ ಲೀಟರಿಗೆ 250 ರೂಪಾಯಿ. ನೀವು ನೇರವಾಗಿ ಅಲ್ಲಿಗೇ ಹೋಗಿ.

ದ್ರವವನ್ನು ನಾನು ಕಲಸಿದ್ದು ಹೀಗೆ: ನಾಲ್ಕು ಪಾಲು ಬ್ಯಾಟರಿ ನೀರು, ಒಂದು ಪಾಲು ಮದ್ಯಸಾರ, ಲೀಟರಿಗೆ ಕೆಲವೇ ಹನಿ ಬಣ್ಣ, ಪರಿಮಳ ಇಲ್ಲದ ದ್ರವ ಸೋಪು. ಸೋಪಿನ ಕೆಲಸ ಕೊಳೆ ತೆಗೆಯುವುದಷ್ಟೇ ಅಲ್ಲ. ಬರೀ ನೀರು ಪ್ಲಾಸ್ಟಿಕ್ಕಿನ ಮೇಲೆ ಗುಂಡಗೆ ಹನಿಗಟ್ಟಿ ನಿಲ್ಲುತ್ತದೆ, ಗೆರೆಯೊಳಗೆ ಇಳಿಯುವುದಿಲ್ಲ. ಸೋಪು ಆ ಬಿಗಿತ ಸಡಿಲಿಸಿ ನೀರನ್ನು ಒಳಕ್ಕೆ ಇಳಿಸುತ್ತದೆ. ಡಾರ್ಕ್‌ರೂಮ್ ಇದ್ದ ಕಾಲದಲ್ಲಿ ಫೋಟೊ ಸ್ಟುಡಿಯೊದವರು ಫಿಲಂ ಮೇಲೆ ನೀರಿನ ಕಲೆ ನಿಲ್ಲದಿರಲೆಂದು ಇದೇ ಕೆಲಸದ ವೆಟಿಂಗ್ ಏಜೆಂಟ್ ಬಳಸುತ್ತಿದ್ದರು. ಪರಿಚಯದ ಸ್ಟುಡಿಯೊದಲ್ಲಿ ಕೇಳಿದಾಗ ಅವರು ಖಾಲಿ ಬಾಟಲಿ ಹುಡುಕಿ ತೋರಿಸಿ ನಕ್ಕರು. ಪಾತ್ರೆ ತೊಳೆಯುವ ನಿಂಬೆ ವಾಸನೆಯ ಸೋಪು ಬೇಡ, ಅದರ ಬಣ್ಣ ಮತ್ತು ಸುಗಂಧ ಗೆರೆಯಿಂದ ಸುಲಭಕ್ಕೆ ಹೊರಡುವುದಿಲ್ಲ. ಮದ್ಯಸಾರವೇ ಬೇಡ ಎನ್ನುವವರೂ ಇದ್ದಾರೆ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಶುದ್ಧೀಕರಿಸಿದ ನೀರಿಗೆ ಟರ್ಜಿಟಾಲ್ ಎಂಬ ಮಾರ್ಜಕವನ್ನು ಅತ್ಯಲ್ಪ ಪ್ರಮಾಣದಲ್ಲಿ ಬೆರೆಸಿ ತೊಳೆಯುತ್ತಾರೆ. ಬೂಷ್ಟು ಇಲ್ಲದ, ಬರೀ ಧೂಳಿನ ಪ್ಲೇಟಾದರೆ ನಾನೂ ಮದ್ಯಸಾರ ಬಿಟ್ಟೇ ತೊಳೆದಿದ್ದೇನೆ, ವ್ಯತ್ಯಾಸ ಕಾಣಲಿಲ್ಲ. ಬೂಷ್ಟಿಗೆ ಮಾತ್ರ ಅದು ಬೇಕು.

ಸಲಕರಣೆಗಳಿಗೆ ಹೆಚ್ಚು ಅಲೆಯಲಿಲ್ಲ. ಪ್ಲೇಟನ್ನು ತಿರುಗಿಸಲು ಕೇಕ್ ಅಲಂಕರಿಸುವವರು ಬಳಸುವ ತಿರುಗುವ ಸ್ಟ್ಯಾಂಡ್. ಒಣಗಿಸಲು ಮಾರ್ಕೆಟ್ ರಸ್ತೆಯ ಪಾತ್ರೆ ಅಂಗಡಿಯ ಸ್ಟೀಲ್ ತಟ್ಟೆ ಸ್ಟ್ಯಾಂಡ್, ಕಂಬಿಗಳಿಗೆ ಅಕ್ವೇರಿಯಂ ಪೈಪ್ ಸೀಳಿ ತೊಡಿಸಿದ್ದು. ದ್ರವ ಹರಡಲು ಚಿತ್ರ ಬರೆಯುವವರ ಚಪ್ಪಟೆ ಮೃದು ಬ್ರಷ್. ಕೂದಲನ್ನು ಹಿಡಿದಿರುವ ಅದರ ಲೋಹದ ಪಟ್ಟಿಗೆ ಟೇಪ್ ಸುತ್ತಿ, ಇಲ್ಲದಿದ್ದರೆ ಅದೇ ಗೀರುತ್ತದೆ. ನಡುವಿನ ಕಾಗದದ ಚೀಟಿಯನ್ನು ನೀರಿನಿಂದ ಕಾಪಾಡುವುದೇ ತಲೆನೋವು. ಎಲ್‌ಪಿಯ ಚೀಟಿ ಹತ್ತು ಸೆಂಟಿಮೀಟರ್ ಅಗಲ. ಅದಕ್ಕಿಂತ ತುಸು ದೊಡ್ಡ ಎರಡು ಪ್ಲಾಸ್ಟಿಕ್ ಡಬ್ಬಿ ಮುಚ್ಚಳಗಳು, ಅಂಚಿಗೆ ಪ್ಲಂಬಿಂಗ್ ಅಂಗಡಿಯ ರಬ್ಬರ್ ಹಾಳೆಯಿಂದ ಕತ್ತರಿಸಿದ ಬಳೆ, ನಡುವೆ ಒಂದು ಬೋಲ್ಟು. ಪ್ಲೇಟಿನ ಎರಡೂ ಕಡೆಯಿಂದ ಬಿಗಿದರೆ ನೀರು ಒಳಗೆ ಹೋಗುವುದಿಲ್ಲ. ಚೀಟಿಗಳ ಮೇಲೆ ಮಾವನವರು ಶಾಯಿಯಲ್ಲಿ ತಮ್ಮ ಹೆಸರು ಮತ್ತು ಕೊಂಡ ತಾರೀಖನ್ನು ಬರೆದಿದ್ದರು. ನೀರು ತಾಗಿದರೆ ಶಾಯಿ ಹರಡುತ್ತದೆ. ಹಾಡು ಬೇರೆ ಕಡೆ ಸಿಗಬಹುದು, ಆ ಬರಹ ಸಿಗುವುದಿಲ್ಲ. ಈ ಮುಚ್ಚಳಕ್ಕಾಗಿ ಇಡೀ ಒಂದು ಭಾನುವಾರ ಕಳೆದದ್ದಕ್ಕೆ ನನಗೆ ಬೇಸರವಿಲ್ಲ.

ಹಬೆಯ ಯಂತ್ರದ ವಿಷಯಕ್ಕೆ ಬರುತ್ತೇನೆ. ನೆಗಡಿಯಾದಾಗ ಮೂಗಿಗೆ ಹಬೆ ತೆಗೆದುಕೊಳ್ಳುವ ಪ್ಲಾಸ್ಟಿಕ್ ಯಂತ್ರ ಮನೆಯಲ್ಲೇ ಇತ್ತು. ಬ್ಯಾಟರಿ ನೀರು ತುಂಬಿ ಸ್ವಿಚ್ ಹಾಕಿದೆ. ಕಾಲು ಗಂಟೆ ಕಳೆದರೂ ಹಬೆ ಇಲ್ಲ, ನೀರು ಬೆಚ್ಚಗೂ ಆಗಲಿಲ್ಲ. ಯಂತ್ರ ಕೆಟ್ಟಿದೆಯೆಂದು ನಲ್ಲಿ ನೀರು ಹಾಕಿದರೆ ಭುಸುಗುಟ್ಟಿತು! ಇಂಜಿನಿಯರಿಂಗ್ ಓದುವ ತಂಗಿಯ ಮಗ ಅದನ್ನು ಬಿಚ್ಚಿ ನೋಡಿದ. "ದೊಡ್ಡಮ್ಮ, ಇದರಲ್ಲಿ ಕಾಯಿಲ್ ಇಲ್ಲ, ಎರಡು ಲೋಹದ ಪಟ್ಟಿಗಳು ಮಾತ್ರ ಇವೆ. ಕರೆಂಟು ನೀರಿನ ಮೂಲಕವೇ ಹರಿದು ಅದನ್ನು ಕಾಯಿಸಬೇಕು. ನಿಮ್ಮ ನೀರಿನಲ್ಲಿ ಲವಣವೇ ಇಲ್ಲ, ಹೇಗೆ ಹರಿಯುತ್ತದೆ?" ಎಂದ. ಚಿಟಿಕೆ ಉಪ್ಪು ಹಾಕಿದರೆ ಓಡುತ್ತದೆಯಂತೆ. ಆದರೆ ಯಂತ್ರ ಹಬೆಯ ಜೊತೆಗೆ ಎರಚುವ ಹನಿಗಳಲ್ಲಿ ಆ ಉಪ್ಪೂ ಪ್ಲೇಟಿಗೆ ಬರುತ್ತದೆ. ಹಾಗಾಗಿ ಬಟ್ಟೆಯ ಸುಕ್ಕು ಬಿಡಿಸುವ, ಕೈಯಲ್ಲಿ ಹಿಡಿಯುವ ಸ್ಟೀಮರ್ ಕೊಂಡೆ, 1,700 ರೂಪಾಯಿ. ಅದರಲ್ಲಿ ಕಾಯಿಲ್ ಇದೆ, ಯಾವ ನೀರಾದರೂ ಕಾಯುತ್ತದೆ. ಕುಕ್ಕರಿನ ಸೀಟಿಗೆ ಪೈಪ್ ಸಿಕ್ಕಿಸಿ ಹಬೆ ಹಿಡಿಯುವ ಉಪಾಯವನ್ನೂ ನೆಂಟರೊಬ್ಬರು ಹೇಳಿದರು. ದಯವಿಟ್ಟು ಅದರ ತಂಟೆಗೆ ಹೋಗಬೇಡಿ.

ಚಿಕ್ಕಮಗಳೂರು ಸಮುದ್ರ ಮಟ್ಟದಿಂದ ಸಾವಿರ ಮೀಟರಿಗಿಂತ ಎತ್ತರದಲ್ಲಿದೆ. ನೀರು ಇಲ್ಲಿ ನೂರು ಡಿಗ್ರಿಗೆ ಮೂರು ನಾಲ್ಕು ಡಿಗ್ರಿ ಮೊದಲೇ ಕುದಿಯುತ್ತದೆ. ಆ ರಿಯಾಯಿತಿ ವಿನೈಲಿಗೆ ಸಾಲದು, ಅದು 60–70 ಡಿಗ್ರಿಯಲ್ಲೇ ಮೆತ್ತಗಾಗತೊಡಗುತ್ತದೆ. ಹಾಗಿದ್ದರೆ ಹಬೆ ಹಿಡಿದವರ ಪ್ಲೇಟುಗಳು ಹೇಗೆ ಉಳಿದವು? ಬಾಯಿಯಿಂದ ಹೊರಟ ಹಬೆ ಸ್ವಲ್ಪ ದೂರದಲ್ಲೇ ಗಾಳಿ ಬೆರೆತು ತಣಿಯುತ್ತದೆ, ಜೊತೆಗೆ ಪ್ಲೇಟು ತಿರುಗುತ್ತಿದ್ದರೆ ಒಂದೇ ಜಾಗಕ್ಕೆ ಶಾಖ ಕೂಡುವುದಿಲ್ಲ. ಇದನ್ನು ಖಚಿತ ಮಾಡಿಕೊಳ್ಳಲು, ಮೊದಲೇ ಸೀಳು ಬಿಟ್ಟಿದ್ದ ಒಂದು ಎಲ್‌ಪಿಯನ್ನು ಬಲಿಗೆ ಆರಿಸಿದೆ. ಒಂದು ಗೇಣು ದೂರದಿಂದ, ತಿರುಗಿಸುತ್ತಾ ಹಬೆ ಕೊಟ್ಟಾಗ ಏನೂ ಆಗಲಿಲ್ಲ, ಮುಟ್ಟಿದರೆ ಉಗುರುಬೆಚ್ಚಗಿತ್ತು ಅಷ್ಟೇ. ಆಮೇಲೆ ಬೇಕೆಂದೇ ಅಂಚಿನ ಹತ್ತಿರ ಹಿಡಿದು ಕೈ ಅಲ್ಲಾಡಿಸದೆ ನಿಂತೆ. ನೋಡುತ್ತಿದ್ದಂತೆ ಅಂಚು ಅಲೆಯಾಗಿ ಎದ್ದಿತು. ಆ ಪ್ಲೇಟನ್ನು ಕೆಲಸದ ಮೇಜಿನ ಎದುರಿಗೇ ನೇತುಹಾಕಿದ್ದೇನೆ. ನೀವೂ ಹೀಗೊಂದು ಬಲಿಪ್ಲೇಟು ಇಟ್ಟುಕೊಳ್ಳಿ. ಯಂತ್ರದಿಂದ ಯಂತ್ರಕ್ಕೆ ಹಬೆಯ ರಭಸ ಬೇರೆ, ನನ್ನ ಗೇಣು ನಿಮ್ಮ ಯಂತ್ರಕ್ಕೆ ಹೊಂದದಿರಬಹುದು. ಸ್ಟೀಮರ್ ಶುರುವಿನಲ್ಲಿ ಕುದಿನೀರಿನ ಹನಿಗಳನ್ನು ಉಗುಳುತ್ತದೆ, ಅದನ್ನು ಸಿಂಕಿನ ಕಡೆ ಹಿಡಿದು ಹಬೆ ಸಮನಾದ ಮೇಲೆ ಪ್ಲೇಟಿನತ್ತ ತಿರುಗಿಸಿ.

ಮೊದಲ ನಿಜವಾದ ಪ್ಲೇಟು ಒಂದು ಕರ್ನಾಟಕ ಸಂಗೀತದ ಎಲ್‌ಪಿ. ದ್ರವ ಹರಡಿ, ಗೆರೆಯ ದಾರಿಯಲ್ಲೇ ಬ್ರಷ್ ಆಡಿಸಿ, ಹಬೆ ಕೊಟ್ಟು, ಮೈಕ್ರೊಫೈಬರ್ ಬಟ್ಟೆಯಿಂದ ಒರೆಸಿ ಒಣಗಿಸಿದೆ. ಕನ್ನಡಿಯ ಹಾಗೆ ಹೊಳೆಯಿತು. ತಂಗಿಯ ಮಗ ಬೆಂಗಳೂರಿನಿಂದ ತಂದ ಸೆಕೆಂಡ್ ಹ್ಯಾಂಡ್ ಪ್ಲೇಯರಿನಲ್ಲಿ ಹಾಕಿದರೆ ತೊಳೆಯುವುದಕ್ಕಿಂತ ಮುಂಚೆಗಿಂತ ಹೆಚ್ಚು ಚಟಪಟ. ತಂಬೂರಿಯ ಶ್ರುತಿ ಕೇಳುವುದೂ ಕಷ್ಟ. ಅರ್ಧಕ್ಕೆ ನಿಲ್ಲಿಸಿ ಸೂಜಿ ನೋಡಿದರೆ ತುದಿಯಲ್ಲಿ ಬೂದುಬಣ್ಣದ ಮುದ್ದೆ ನೇತಾಡುತ್ತಿತ್ತು. ಇಷ್ಟು ಓಡಾಡಿ, ಇಷ್ಟು ಖರ್ಚು ಮಾಡಿ ಇದೇನು ಎಂದು ನಿಜಕ್ಕೂ ಅಳು ಬಂತು. ಎರಡು ದಿನ ಆ ಕೋಣೆಗೇ ಹೋಗಲಿಲ್ಲ.

ಆ ಮುದ್ದೆಯನ್ನೇ ಯೋಚಿಸುತ್ತಾ ಕೂತಾಗ ದಾರಿ ಹೊಳೆಯಿತು. ಗೆರೆ ಇಂಗ್ಲಿಷಿನ ವಿ ಅಕ್ಷರದ ಆಕಾರದ್ದು. ಸೂಜಿ ತಳಕ್ಕೆ ತಾಗುವುದಿಲ್ಲ, ಎರಡು ಗೋಡೆಗಳ ನಡುವೆ ಮೇಲೆ ಕೂತಿರುತ್ತದೆ. ವರ್ಷಗಟ್ಟಲೆ ತಳದಲ್ಲಿ ಗಟ್ಟಿಯಾಗಿ ಕೂತಿದ್ದ ಕೊಳೆ ಅಷ್ಟು ದಿನ ಸೂಜಿಗೆ ಅಡ್ಡ ಬರುತ್ತಿರಲಿಲ್ಲ. ದ್ರವ ಅದನ್ನು ನೆನೆಸಿತು, ಹಬೆ ಎಬ್ಬಿಸಿತು. ಎದ್ದದ್ದನ್ನು ಹೊರಗೆ ಒಯ್ಯುವ ಕೆಲಸ ಯಾರೂ ಮಾಡಲಿಲ್ಲ. ಬಟ್ಟೆ ಮೇಲ್ಮೈಯನ್ನು ಒರೆಸಿತೇ ಹೊರತು ಗೆರೆಯೊಳಗೆ ಇಳಿಯಲಿಲ್ಲ. ಉಳಿದ ನೀರು ಆರಿದಾಗ ಆ ಕೊಳೆ, ಸೋಪಿನ ಸಮೇತ, ಗೋಡೆಗಳಿಗೆ ಅಂಟಿಕೊಂಡಿತು.

ಅದೇ ಪ್ಲೇಟನ್ನು ಮತ್ತೆ ತೆಗೆದು, ದ್ರವ ಮತ್ತು ಹಬೆ ಎರಡೂ ಆದ ತಕ್ಷಣ, ಆರಲು ಬಿಡದೆ, ಓರೆಯಾಗಿ ಹಿಡಿದು ಬ್ಯಾಟರಿ ನೀರನ್ನು ಧಾರಾಳವಾಗಿ ಹಾಯಿಸಿದೆ. ಬೇರೆ ಬ್ರಷ್ ತೆಗೆದುಕೊಂಡು ಹೊಸ ನೀರಿನಲ್ಲಿ ಮತ್ತೊಂದು ಸುತ್ತು ಆಡಿಸಿದೆ, ಮತ್ತೆ ಹಾಯಿಸಿದೆ. ಕೆಳಗಿಟ್ಟ ಬಿಳಿ ಬೇಸಿನ್‌ನಲ್ಲಿ ಮೊದಲ ನೀರು ಟೀ ಬಣ್ಣಕ್ಕೆ ತಿರುಗಿತ್ತು, ಕೊನೆಯದು ತಿಳಿಯಾಗಿತ್ತು. ಈಗ ಪ್ಲೇಯರಿನಲ್ಲಿ ಹಾಕಿದರೆ ತಂಬೂರಿ ಕೇಳಿತು, ಪಿಟೀಲಿನ ಕಮಾನು ತಂತಿಗೆ ತಾಗುವುದೂ ಕೇಳಿತು. ಒಂದು ಪ್ಲೇಟಿಗೆ ನಾನು ದ್ರವ ಖರ್ಚು ಮಾಡುವುದು ಎರಡು ಮೂರು ಚಮಚ, ತೊಳೆಯುವ ನೀರು ಅರ್ಧ ಲೀಟರ್. ಬ್ಯಾಟರಿ ಅಂಗಡಿಯವರ ಪ್ರಶ್ನೆಗೆ ಉತ್ತರ ಇದೇ.

ಹೀಗೆ ಕ್ರಮ ಕುದುರಿದ ಮೇಲೆ ಕೆಲಸ ಸಲೀಸಾಯಿತು, ಬೇಸರದ್ದೂ ಆಯಿತು. ದ್ರವ ಒಂದೆರಡು ನಿಮಿಷ ನೆನೆಯಬೇಕು, ಆರಬಾರದು. ಹಬೆ ಹತ್ತು ಸೆಕೆಂಡಿನ ಒಂದೆರಡು ಸುತ್ತು. ಬೂಷ್ಟು ಇಲ್ಲದ ಪ್ಲೇಟುಗಳಿಗೆ ಹಬೆಯನ್ನೇ ಬಿಟ್ಟೆ, ಏನೂ ನಷ್ಟವಾಗಲಿಲ್ಲ. ಮದ್ಯಸಾರ ಇರುವ ದ್ರವವನ್ನು ಸ್ಟೀಮರಿನ ಟ್ಯಾಂಕಿಗೆ ಯಾವ ಕಾರಣಕ್ಕೂ ಹಾಕಬೇಡಿ. ಅದರ ಆವಿಗೆ ಬೆಂಕಿ ಹತ್ತುತ್ತದೆ. ಕಿಟಕಿ ತೆರೆದಿರಲಿ, ಗ್ಯಾಸ್ ಒಲೆಯ ಹತ್ತಿರ ಬೇಡ, ದೇವರ ದೀಪ ಉರಿಯುವ ಕೋಣೆಯೂ ಬೇಡ. ತೊಳೆಯುವ ಬ್ರಷ್ ಮತ್ತು ಜಾಲಿಸುವ ಬ್ರಷ್ ಒಂದಕ್ಕೊಂದು ಬೆರೆಯದಂತೆ ಹಿಡಿಗೆ ಬಣ್ಣದ ದಾರ ಕಟ್ಟಿ.

ನಡುವೆ ಹೂಮಳೆ ಬಿತ್ತು. ಊರಿಗೆಲ್ಲ ಸಂತೋಷ, ಕಾಫಿ ಹೂ ಅರಳಬೇಕಾದರೆ ಅದು ಬೇಕೇ ಬೇಕು. ನನ್ನ ತಟ್ಟೆ ಸ್ಟ್ಯಾಂಡಿನಲ್ಲಿದ್ದ ಪ್ಲೇಟುಗಳು ಮಾತ್ರ ಆರಲೊಲ್ಲವು. ಕರೆಂಟೂ ಹೋಯಿತು, ಫ್ಯಾನೂ ಇಲ್ಲ. ಒದ್ದೆ ಪ್ಲೇಟನ್ನು ಲಕೋಟೆಗೆ ಹಾಕುವುದೆಂದರೆ ಬೂಷ್ಟಿಗೆ ಮತ್ತೆ ಆಮಂತ್ರಣ ಕಳಿಸಿದ ಹಾಗೆ, ಆದ್ದರಿಂದ ಇಡೀ ರಾತ್ರಿ ಹಾಗೇ ಬಿಟ್ಟೆ. ಹೇರ್ ಡ್ರೈಯರ್ ಬೇಡ, ಕಾರಣ ಮೇಲೆ ನೇತುಹಾಕಿದ ಬಲಿಪ್ಲೇಟನ್ನು ಕೇಳಿ. ನಮ್ಮ ಕಡೆಯವರು ಈ ಕೆಲಸವನ್ನು ಫೆಬ್ರವರಿಯಿಂದ ಮೇ ಒಳಗೆ ಮುಗಿಸಿಕೊಳ್ಳಬೇಕು. ಜೂನ್ ಬಂದ ಮೇಲೆ ಶುರು ಮಾಡಬೇಡಿ.

ತೊಳೆದ ಪ್ಲೇಟುಗಳನ್ನು ಕೇಳಲು ಅತ್ತೆಯವರು ದಿನವೂ ಸಂಜೆ ಬಂದು ಕೂರುತ್ತಿದ್ದರು. ಒಂದು ಎಲ್‌ಪಿಯಲ್ಲಿ ಎಷ್ಟು ತೊಳೆದರೂ ಬಿಡದ ಕರಕರ ಸದ್ದಿತ್ತು. ಮತ್ತೆ ದ್ರವ, ಮತ್ತೆ ಹಬೆ ಎಂದು ನಾನು ಹೊರಟಾಗ ಅವರು, "ಬಿಡಮ್ಮ, ಆ ಜಾಗದಲ್ಲಿ ಅದು ನಿನ್ನ ಮಾವನವರ ಕಾಲದಲ್ಲೂ ಹಾಗೇ ಕೂಗುತ್ತಿತ್ತು. ಅದನ್ನು ದಿನಕ್ಕೆರಡು ಸಲ ಹಾಕುತ್ತಿದ್ದರು" ಎಂದರು. ಅದು ಕೊಳೆಯಲ್ಲ, ಸವೆತ. ಹಳೆಯ ಪ್ಲೇಯರುಗಳ ತೋಳು ಭಾರ, ಸೂಜಿ ಬೇಗ ಮೊಂಡಾಗುತ್ತಿತ್ತು. ಗೆರೆಯ ಗೋಡೆಯೇ ಸವೆದ ಮೇಲೆ ಯಾವ ದ್ರವವೂ ಅದನ್ನು ಕಟ್ಟಿಕೊಡುವುದಿಲ್ಲ. ಗುರುತು ಹಿಡಿಯುವುದು ಹೀಗೆ: ಕೊಳೆಯ ಸದ್ದು ಅಲ್ಲಲ್ಲಿ, ತಾಳವಿಲ್ಲದೆ ಬರುತ್ತದೆ, ತೊಳೆದಂತೆ ಕಡಿಮೆಯಾಗುತ್ತದೆ. ಗೀರಿನ ಸದ್ದು ಸುತ್ತಿಗೊಮ್ಮೆ ಬರುತ್ತದೆ, ಎಲ್‌ಪಿಯಲ್ಲಾದರೆ 1.8 ಸೆಕೆಂಡಿಗೊಂದು ಟಕ್. ಸವೆದದ್ದು ಗಟ್ಟಿ ದನಿಯ ಜಾಗಗಳಲ್ಲಿ ಒಡೆದು ಕರಕರ ಎನ್ನುತ್ತದೆ. ಬೂಷ್ಟು ತುಂಬ ಕಾಲ ಕೂತಿದ್ದ ಪ್ಲೇಟುಗಳಲ್ಲಿ, ಅದು ಹೋದ ಮೇಲೂ ಮಂದವಾದ ಕಲೆ ಮತ್ತು ಸಣ್ಣ ಸುಯ್ ಸದ್ದು ಉಳಿದಿವೆ. ಅವನ್ನು ಹಾಗೆಯೇ ಒಪ್ಪಿಕೊಂಡೆ.

ಹಳೆಯ ಒಳಲಕೋಟೆಗಳನ್ನೆಲ್ಲ ಸುಟ್ಟೆ. ಅವುಗಳಲ್ಲೇ ಬೂಷ್ಟಿನ ಬೀಜವಿರುವಾಗ ತೊಳೆದ ಪ್ಲೇಟನ್ನು ಮತ್ತೆ ಅಲ್ಲಿಗೇ ಸೇರಿಸುವುದರಲ್ಲಿ ಅರ್ಥವಿಲ್ಲ. ಹೊಸ ಪಾಲಿಥೀನ್ ಒಳಲಕೋಟೆ ಒಂದಕ್ಕೆ 22 ರೂಪಾಯಿ ಬಿತ್ತು, ಒಟ್ಟು ಖರ್ಚಿನಲ್ಲಿ ದೊಡ್ಡ ಪಾಲು ಇದೇ. ಬಟ್ಟೆ ಅಂಗಡಿಯ ಕವರಿನಂತೆ ಮಿರುಗುವ ಮೃದು ಪಿವಿಸಿ ಚೀಲಗಳು ಅಗ್ಗಕ್ಕೆ ಸಿಗುತ್ತವೆ, ಬೇಡ. ಕಾಲಕ್ರಮದಲ್ಲಿ ಅವು ಪ್ಲೇಟಿನ ಮೇಲೆ ಮಂಜಿನಂಥ ಪದರ ಬಿಡುತ್ತವೆ. ಹೊರಗಿನ ರಟ್ಟಿನ ಕವರುಗಳಿಗೆ ಹಬೆ ತೋರಿಸಿದರೆ ಮುರುಟುತ್ತವೆ. ಒಣ ಬಟ್ಟೆಯಿಂದ ಒರೆಸಿ, ಫ್ಯಾನಿನ ಗಾಳಿಗೆ ಒಂದು ವಾರ ಬಿಡಿಸಿಟ್ಟೆ. ಒಂದು ಕವರಿನೊಳಗಿಂದ ಬೆಂಗಳೂರಿನ ಅಂಗಡಿಯ ಬಿಲ್ಲು ಸಿಕ್ಕಿತು. ಎಲ್‌ಪಿಯ ಬೆಲೆ ನೋಡಿ ಅತ್ತೆಯವರು, ತಮಗೆ ಆಗ ಹೇಳಿದ್ದು ಅದರ ಅರ್ಧ ಬೆಲೆ ಎಂದರು. ಒಟ್ಟಾರೆ, ಪ್ಲೇಯರನ್ನು ಬಿಟ್ಟು, ನನ್ನ ಖರ್ಚು ಏಳು ಸಾವಿರದ ಹತ್ತಿರ ಬಂತು. ಹಬೆಯ ಯಂತ್ರ ಬಿಟ್ಟಿದ್ದರೆ ಐದರಲ್ಲಿ ಮುಗಿಯುತ್ತಿತ್ತು. ಬೂಷ್ಟು ಇಲ್ಲದವರು ಆ ಹಣವನ್ನು ಒಳಲಕೋಟೆಗೆ ಹಾಕಿ.

ಈಗ ಎಲ್ಲವೂ ಹಜಾರದ ಒಳಗೋಡೆಗೆ ತಾಗಿದ ಕಪಾಟಿನಲ್ಲಿ ನೇರವಾಗಿ ನಿಂತಿವೆ. ಮಲಗಿಸಿ ಪೇರಿಸಿದರೆ ಭಾರಕ್ಕೆ ಡೊಂಕಾಗುತ್ತವೆ. ಮಳೆ ಬಡಿಯುವ ಹೊರಗೋಡೆಗೆ ತಾಗಿಸಿದರೆ ಥಂಡಿ ಹಿಡಿಯುತ್ತದೆ. ಕಪಾಟಿನ ಮೂಲೆಗಳಲ್ಲಿ ಸಿಲಿಕಾ ಜೆಲ್ ಚೀಲಗಳಿವೆ, ಮಳೆಗಾಲದಲ್ಲಿ ಅವನ್ನು ಆಗಾಗ ಬಾಣಲೆಯಲ್ಲಿ ಬೆಚ್ಚಗೆ ಮಾಡಿ ಮತ್ತೆ ಇಡಬೇಕು.

"ಮುಟ್ಟಬಾರದು" ಎಂದು ಬರೆದಿಟ್ಟಿದ್ದ 78ರ ಪ್ಲೇಟುಗಳನ್ನು ಕೊನೆಗೆ ಮುಟ್ಟಿದೆ. ಮದ್ಯಸಾರ ಇಲ್ಲ, ಹಬೆ ಇಲ್ಲ. ತಣ್ಣಗಿನ ಬ್ಯಾಟರಿ ನೀರಿಗೆ ಒಂದೇ ಹನಿ ಸೋಪು ಹಾಕಿ, ಬೇಗ ಬ್ರಷ್ ಆಡಿಸಿ, ಬರೀ ನೀರಿನಲ್ಲಿ ಜಾಲಿಸಿ, ತಕ್ಷಣ ಒರೆಸಿದೆ. ನೆನೆಯಲು ಬಿಡಬಾರದು. ಕೂದಲೆಳೆಯ ಸೀಳು ಇದ್ದವನ್ನು ನೀರಿಗೆ ತೋರಿಸಲೇ ಇಲ್ಲ, ಸೀಳಿನಿಂದ ಒಳಗಿಳಿದ ನೀರು ಮತ್ತೆ ಹೊರಗೆ ಬರುವುದಿಲ್ಲ. ಅವುಗಳ ಗೆರೆ ಎಲ್‌ಪಿಯದಕ್ಕಿಂತ ಸುಮಾರು ಮೂರು ಪಟ್ಟು ಅಗಲ. ಎಲ್‌ಪಿಯ ಸೂಜಿಯನ್ನು ಅದರಲ್ಲಿ ಇಳಿಸಿದರೆ ತಳದಲ್ಲಿ ಹೊರಳಾಡಿ ಬರೀ ಗದ್ದಲ ಕೇಳಿಸುತ್ತದೆ, ತೊಳೆದದ್ದು ಸಾಲದೆಂದು ನೀವು ಮತ್ತೆ ನೀರಿಗೆ ಹಾಕುತ್ತೀರಿ. ಹಳೆಯ ಪ್ಲೇಯರುಗಳಲ್ಲಿ ಒಂದು ಪುಟ್ಟ ಕಡ್ಡಿ ತಿರುಗಿಸಿದರೆ 78ರ ಸೂಜಿ ಕೆಳಗೆ ಬರುತ್ತಿತ್ತು. ನಮ್ಮದರಲ್ಲಿ ಅದಿಲ್ಲ. 78ರ ಸೂಜಿಗೆ ಹೇಳಿಕಳಿಸಿದ್ದೇನೆ, ಬಂದ ಮೇಲೆ ಅವುಗಳ ಸರದಿ.